ಸೊಬಾ ಒಗ್ಗದವರ ಪಟ್ಟಿ
ಜಪಾನಿನ ಮಾತ್ಸುಏ ಊರಿನ ಪುಟ್ಟ ಕಂಪನಿಯೊಂದರಲ್ಲಿ ಕದೊವಾಕಿ ಇಪ್ಪತ್ತಾರು ವರ್ಷ ಪ್ರೋಗ್ರಾಂ ಬರೆದವನು. ರೂಬಿ ಎಂಬ ಕಂಪ್ಯೂಟರ್ ಭಾಷೆಯಲ್ಲಿ ತನ್ನನ್ನು ಮೀರಿಸುವವರಿಲ್ಲ ಎಂದು ಹೆಂಡತಿಯೆದುರೂ ಕೊಚ್ಚಿಕೊಳ್ಳುತ್ತಿದ್ದ. ಹೋದ ವರ್ಷ ನವಾತೆ ಮಿಜುಕಿ ಎಂಬ ಹುಡುಗಿ ಕೆಲಸಕ್ಕೆ ಸೇರಿದ ಮೇಲೆ ಅವನ ನೆಮ್ಮದಿ ಹಾಳಾಯಿತು.

ವೃದ್ಧರ ಮನೆಗಳಿಗೆ ಮಧ್ಯಾಹ್ನದ ಊಟ ಕಳಿಸುವ ಅಡುಗೆಮನೆಗೆ ಕಂಪನಿ ಮಾಡಿಕೊಟ್ಟ ಒಂದು ಹ್ಯಾಶ್, ಅಂದರೆ ಕಂಪ್ಯೂಟರ್ ಕೋಷ್ಟಕ, ಇತ್ತು. ಹೆಸರು ಕೊಟ್ಟರೆ ಅವರಿಗೆ ಒಗ್ಗದ ಆಹಾರ ಹೇಳುತ್ತದೆ. ಈಗ ಉಲ್ಟಾ ಹುಡುಕಬೇಕಿತ್ತು: ಸೊಬಾ, ಅಂದರೆ ಬಕ್‌ವೀಟ್ ಹಿಟ್ಟಿನ ಶಾವಿಗೆ, ಯಾರಿಗೆ ಒಗ್ಗುವುದಿಲ್ಲ? ಕದೊವಾಕಿ ಹನ್ನೊಂದು ಸಾಲು ಬರೆದ. ಮಿಜುಕಿ ಒಂದೇ ಸಾಲು.

“ನೋಡ್ರಪ್ಪಾ, ಕೆಲ್ಸ ಅಂದ್ರೆ ಹೀಗಿರ್ಬೇಕು,” ಎಂದರು ಯಜಮಾನ ಅದಾಚಿ.

ಕದೊವಾಕಿಗೆ ಹೊಟ್ಟೆಗೆ ಬೆಂಕಿ ಬಿದ್ದಂತಾಯಿತು. ಆ ಗುರುವಾರ ಅವಳ ಸಾಲನ್ನು ಪರಿಶೀಲಿಸುವ ಸರದಿ ಅವನದೇ. ತಪ್ಪು ತಟ್ಟನೆ ಕಣ್ಣಿಗೆ ಬಿತ್ತು. ಅವಳು ಬಳಸಿದ್ದ ಆಜ್ಞೆ ಮೊದಲು ಸಿಕ್ಕ ಒಬ್ಬರ ಹೆಸರು ಕೊಟ್ಟು ನಿಂತುಬಿಡುತ್ತದೆ. ಅದೇ ಆಹಾರ ಒಗ್ಗದ ಇನ್ನೊಬ್ಬರಿದ್ದರೆ ಅವರತ್ತ ನೋಡುವುದೇ ಇಲ್ಲ. ಪಟ್ಟಿಯಲ್ಲಿ ಸೊಬಾ ಒಗ್ಗದವರು ಆಗ ಒಬ್ಬರೇ ಇದ್ದರು. ಒಂದು ದಿನ ಮುಖಭಂಗವಾಗಲಿ ಇವಳಿಗೆ ಎಂದುಕೊಂಡು ತುಟಿಪಿಟಕ್ಕೆನ್ನದೆ ಎಲ್ಲ ಸರಿಯಿದೆಯೆಂದು ಕಾಗದದ ಮೇಲೆ ತನ್ನ ಮುದ್ರೆ ಒತ್ತಿದ.

ಮುಂದಿನ ಬುಧವಾರ ಊಟಕ್ಕೆ ಸೊಬಾ. ಹನ್ನೊಂದು ಗಂಟೆಗೆ ಅಡುಗೆಮನೆಯ ಹೊಸಬರ ಪಟ್ಟಿ ನೋಡುತ್ತಿದ್ದ ಕದೊವಾಕಿಯ ಬೆರಳು ಒಂದು ಹೆಸರಿನ ಮೇಲೆ ನಿಂತಿತು. ಸೋಮವಾರ ಸೇರಿದ ಹಿಕಿನೊ ಅಜ್ಜಿ, ಎಂಬತ್ತೆಂಟು ವರ್ಷ, ಸೊಬಾ ತಿಂದರೆ ಉಸಿರು ಕಟ್ಟುತ್ತದೆ. ಯಂತ್ರ ಕೊಟ್ಟ ಪಟ್ಟಿಯಲ್ಲಿ ಹಳೆಯ ಒಬ್ಬರ ಹೆಸರಷ್ಟೇ ಇತ್ತು.

ತಕ್ಷಣ ಅಡುಗೆಮನೆಗೆ ಫೋನ್ ಮಾಡಿದ. ಊಟದ ವ್ಯಾನು ಆಗಲೇ ಅಜ್ಜಿಯ ಬೀದಿಗೆ ತಿರುಗಿತ್ತು. ಡಬ್ಬಿ ಕೊಡುವ ಮುಂಚೆ ಚಾಲಕನಿಗೆ ಸುದ್ದಿ ಮುಟ್ಟಿತು.

“ಅನುಭವ ಅಂದ್ರೆ ಇದು,” ಎಂದು ಅದಾಚಿ ಅವನ ಬೆನ್ನು ತಟ್ಟಿದರು. ಈ ಮಾತಿಗೆ ಅವನು ವರ್ಷವಿಡೀ ಬಾಯಿ ಬಿಟ್ಟುಕೊಂಡು ಕಾದಿದ್ದ.

ಮಿಜುಕಿ ಸೊಂಟ ಬಗ್ಗಿಸಿ ನಮಸ್ಕರಿಸಿದಳು. ಕಣ್ಣು ತುಂಬಿತ್ತು. “ನೀವಿಲ್ದಿದ್ರೆ ಆ ಅಜ್ಜಿ ಗತಿ ಏನಾಗ್ತಿತ್ತೋ, ಕದೊವಾಕಿ ಸಾನ್. ನಂಗಂತೂ ಹೊಳೀಲೇ ಇಲ್ಲ. ಯಾವಾಗ ಗೊತ್ತಾಯ್ತು ನಿಮ್ಗೆ?”

ಈಗಷ್ಟೇ ಎಂದರೆ ಮುಗಿಯುತ್ತಿತ್ತು. ನಾಲಗೆಯ ತುದಿಗೂ ಬಂದಿತ್ತು.

“ಗುರುವಾರ,” ಎಂದ.

“ಅಷ್ಟು ಬೇಗ ಕಂಡುಹಿಡಿದ್ರಾ!” ಎಂದಳು ಅವಳು, ನಿಜವಾದ ಮೆಚ್ಚುಗೆಯಿಂದ. ಆಮೇಲೆ ಅವಳ ಮುಖದ ನಗು ನಿಧಾನವಾಗಿ ಆರಿತು. ಅದಾಚಿಯ ಕೈ ಅವನ ಬೆನ್ನಿನಿಂದ ಕೆಳಗಿಳಿಯಿತು.