ಬೋರ್ಡಿನ ರೇಣುಕಪ್ಪ

ನರಸಿಂಹರಾಜಪುರದಲ್ಲಿ ರೇಣುಕಪ್ಪನ ಕುಂಚ ತಾಗದ ಅಂಗಡಿಯೇ ಇರಲಿಲ್ಲ. ಬಟ್ಟೆ ಅಂಗಡಿಯಿಂದ ಹಿಡಿದು ಬಸ್ಸಿನ ಹಣೆಯವರೆಗೆ ಎಲ್ಲೆಲ್ಲೂ ಅವನ ದುಂಡನೆಯ ಅಕ್ಷರಗಳೇ. ಹಣೆಬರಹ ಬರೆಯುವ ಬ್ರಹ್ಮನ ಕೈಬರಹವೂ ಇಷ್ಟು ಚೆಂದ ಇರಲಾರದು ಎನ್ನುತ್ತಿದ್ದರು ಜನ. ಅವನದು ಒಂದೇ ಹಟ: ಬರೆಯಬೇಕಾದ್ದನ್ನು ಚೀಟಿಯಲ್ಲಿ ಕೊಡಬೇಕು. ಬಾಯಲ್ಲಿ ಹೇಳಿದರೆ, "ತಪ್ಪಾದ್ರೆ ನನ್ನ ತಲೆಗೆ ಬರ್ತದೆ ಮಾರಾಯ," ಎಂದು ಕುಂಚ ಕೆಳಗಿಡುತ್ತಿದ್ದ. ಯಾರಾದರೂ ಪತ್ರಿಕೆ ಚಾಚಿದರೆ ಕನ್ನಡಕ ಮನೆಯಲ್ಲೇ ಉಳಿದಿರುತ್ತಿತ್ತು. ೨೦೦೬ರ ಬೇಸಿಗೆಯಲ್ಲಿ ಕೊಪ್ಪದ ಗಗನಾ ಬಂದಳು. ಹೊರದೇಶದಲ್ಲಿ ಚಿಂಪಾಂಜಿಗಳಿಗೆ ಮಾತು ಕಲಿಸುವ ಕೇಂದ್ರದಲ್ಲಿ ಅವಳಿಗೆ ಕೆಲಸ. ಅವಳ ಚೀಟಿಯಲ್ಲಿದ್ದ ಮೂವತ್ತು ಗುರುತುಗಳನ್ನು, ಅಲ್ಲಿಗೆ ಒಯ್ಯುವ ಹಲಗೆಯ ಮೇಲೆ ರೇಣುಕಪ್ಪ ಬರೆಯಬೇಕು. ಪ್ರಾಣಿ ಅವನ್ನು ಮುಟ್ಟಿ ತನಗೆ ಬೇಕಾದ್ದನ್ನು ಹೇಳುತ್ತದಂತೆ. "ಬಾಳೆಹಣ್ಣಿಗೆ ಈ ಗೀಟು ಯಾಕೆ? ಹಣ್ಣೇ ಬರೀತೇನೆ, ನೋಡಿದ ಕೂಡ್ಲೇ ಗೊತ್ತಾಗ್ತದೆ," ಎಂದ ರೇಣುಕಪ್ಪ. "ಬೇಡ ರೇಣುಕಣ್ಣ. ಹೋಲಿಕೆ ಇರ್ಬಾರ್ದು. ಅಕ್ಷರದ ಹಾಗೆ, ಕಲಿತೇ ತಿಳೀಬೇಕು." "ಕಲೀತದಾ?" "ನಮ್ಮಲ್ಲೊಂದು ಎರಡೇ ವರ್ಷದಲ್ಲಿ ನೂರು ಕಲ್ತಿದೆ." ಅವನು ಕುಂಚವನ್ನು ಬಣ್ಣಕ್ಕೆ ಅದ್ದಿ ಮೊದಲ ಗೀಟು ಎಳೆದ. ಹಲಗೆ ಮುಗಿದಾಗ ಅವಳು ಮೆಚ್ಚಿ, "ಮೂಲೇಲಿ ನಿಮ್ಮ ಹೆಸರು ಬರೀರಿ," ಎಂದಳು. ಅವನ ಕಿವಿ ಬಿಸಿಯಾಯಿತು. ಒರೆಸಿದ ಕುಂಚವನ್ನೇ ಮತ್ತೆ ಮತ್ತೆ ಒರೆಸುತ್ತಾ, "ನಂಗೆ ಓದು ಬರಹ ಬರೋದಿಲ್ಲ ಮಗಾ. ನಲವತ್ತು ವರ್ಷ ಬರೆದದ್ದೆಲ್ಲ ಬರೀ ಚಿತ್ರ," ಎಂದ, ಪಕ್ಕದ ಅಂಗಡಿಗೆ ಕೇಳದ ಹಾಗೆ. ಅವಳು ಅವನ ಹೆಸರನ್ನು ಪೆನ್ಸಿಲಿನಲ್ಲಿ ಬರೆದಳು. ಅದರ ಮೇಲೆ ನುಣ್ಣಗೆ ಬಣ್ಣ ತುಂಬಿ, ತಲೆ ಎತ್ತದೆಯೇ ಕೇಳಿದ: "ಇದ್ರಲ್ಲಿ ರೇ ಯಾವ್ದು?"