ಮುಚ್ಚಳದ ಒಳಮೈ

ಮೊನ್ನೆ ಮೊಮ್ಮಗಳು ಶಾಲೆಯ ಪ್ರಾಜೆಕ್ಟಿಗೆ ಅಂಟಿಸಬೇಕಾದ ಚಿತ್ರವೊಂದನ್ನು ತಂದು ನನ್ನ ಕನ್ನಡಕದ ಹತ್ತಿರ ಹಿಡಿದಳು. ಯುದ್ಧ ಮುಗಿದ ವರ್ಷದ ಜಪಾನು. ಬಿಳಿ ಬಟ್ಟೆ ಸುತ್ತಿದ ಪೆಟ್ಟಿಗೆಯನ್ನು ಎದೆಗವಚಿಕೊಂಡು ನಿಂತ ಹೆಂಗಸು.

"ಅಜ್ಜ, ವಾಟ್ಸ್ ಇನ್ ದಿ ಬಾಕ್ಸ್?"

"ಒಂದು ಕಲ್ಲು," ಎಂದುಬಿಟ್ಟೆ.

ಅಡುಗೆಮನೆಯಲ್ಲಿ ಮಗಳು ನಕ್ಕಳು. "ಎಸ್ಸೆಸ್ಸೆಲ್ಸಿಯವರಿಗೆ ಎಲ್ಲ ಗೊತ್ತುಂಟು!"

ಕೊಲ್ಲಿ ನಾಡಿನ ಅಲ್ ಕುಸೈಸಿನ ಈ ಫ್ಲ್ಯಾಟಿನಲ್ಲಿ ನನ್ನ ವಿದ್ಯೆಗೆ ಅಷ್ಟೇ ಬೆಲೆ, ಬಿಡಿ. ಆದರೆ ಕಲ್ಲಿನ ವಿಷಯ ನಾನು ಪುಸ್ತಕದಲ್ಲಿ ಓದಿದ್ದಲ್ಲ.

ಪ್ರಾಯದಲ್ಲಿ ನಾನು ಅಬುಧಾಬಿಯ ಟೂರಿಸ್ಟ್ ಕ್ಲಬ್ ಏರಿಯಾದಲ್ಲಿ ಜಪಾನಿ ಎಂಜಿನಿಯರೊಬ್ಬರ ಮನೆಗೆ ಅಡುಗೆಯವನಾಗಿದ್ದೆ. ಒಂದು ಚಳಿಗಾಲ ಅವರ ತಾಯಿ ಬಂದರು. ಅವರು ನನ್ನನ್ನು 'ಕುಕ್ ಸಾನ್' ಎಂದು ಕರೆಯುತ್ತಿದ್ದರು, ನಾನು 'ಅಮ್ಮ' ಎನ್ನುತ್ತಿದ್ದೆ. ಯುದ್ಧದ ಕೊನೆಯ ವರ್ಷ ಮಂಚೂರಿಯಾಕ್ಕೆ ಹೋದ ಗಂಡ ತಿರುಗಿ ಬರಲಿಲ್ಲವಂತೆ. ಸರ್ಕಾರದಿಂದ ಎಲುಬಿನ ಬದಲು ಕಲ್ಲೊಂದನ್ನು ಇಟ್ಟ ಪೆಟ್ಟಿಗೆ ಬಂತಂತೆ. ಅಮ್ಮ ಆ ಕಲ್ಲನ್ನು ನಂಬಲಿಲ್ಲ. ದಿನವೂ ಮಧ್ಯಾಹ್ನ ಗಂಡನ ಫೋಟೋದ ಮುಂದೆ ಬಿಸಿ ಅನ್ನದ ಬಟ್ಟಲಿಟ್ಟು ಮುಚ್ಚುವರು. ಸ್ವಲ್ಪ ಹೊತ್ತಿನ ಮೇಲೆ ಮುಚ್ಚಳ ಎತ್ತಿ ಅದರ ಒಳಮೈ ನೋಡುವರು. ನೀರ ಹನಿ ಕಂಡರೆ ಮುಖ ಅರಳುತ್ತಿತ್ತು.

"ಹನಿ ಇದ್ದರೆ ಅಪ್ಪ ಎಲ್ಲೋ ಬದುಕಿದ್ದಾರೆ ಅಂತ ಲೆಕ್ಕ," ಎಂದು ಸಾಹೇಬರು ಒಮ್ಮೆ ನಾಚುತ್ತ ಹೇಳಿದ್ದರು.

ನಾನು ತಲೆಯಾಡಿಸಿದೆ. ಆದರೆ ಒಳಗೊಳಗೆ, ಇದು ನಮ್ಮೂರಿನ ಅಗೆಲೇ ಎಂದುಕೊಂಡೆ. ನಮ್ಮಲ್ಲಿ ಸತ್ತವರಿಗೆ ಎಲೆ ಹಾಕಿ ಬಡಿಸಿ, ಬಾಗಿಲೆಳೆದು ಹೊರಗೆ ಕಾಯುತ್ತೇವಲ್ಲ, ಅದೇ. ನಲವತ್ತು ವರ್ಷ ಬಾರದವನು ಬದುಕಿರುತ್ತಾನೆಯೇ?

ಒಂದು ಶುಕ್ರವಾರ ಅಮ್ಮನಿಗೆ ಜ್ವರ. ಬಟ್ಟಲು ನೀನೇ ಇಡು ಎಂದು ಸನ್ನೆ ಮಾಡಿದರು. ಕೆಳಗೆ ಗೆಳೆಯರು ಕಾರಿನ ಹಾರ್ನ್ ಒತ್ತುತ್ತಿದ್ದರು. "ಯಲ್ಲಾ, ಬಾ ಮಾರಾಯ!" ಸತ್ತವನಿಗೆ ಬಿಸಿಯೇನು, ತಣ್ಣಗೇನು? ಫ್ರಿಜ್ಜಿನಲ್ಲಿದ್ದ ನಿನ್ನೆಯ ಅನ್ನ ಹಾಕಿ ಮುಚ್ಚಿದೆ. ಊರಿನ ಅಭ್ಯಾಸ, ಬಾಗಿಲನ್ನೂ ಎಳೆದುಕೊಂಡು ಹೊರಗೆ ನಿಂತೆ.

ಯಾರೂ ಇಲ್ಲದ ಆ ಕೋಣೆಯೊಳಗೆ ಪಿಂಗಾಣಿಯ ಸಣ್ಣ ಸದ್ದಾಯಿತು.

ಬಾಗಿಲು ತೆರೆದರೆ, ಮಲಗುವ ಕೋಣೆಯ ಕಡೆಯ ಬಾಗಿಲಿನಿಂದ ಅಮ್ಮನೇ ಎದ್ದು ಬಂದು ಕೂತಿದ್ದರು. ಅನ್ನವನ್ನು ಮುಟ್ಟಿ ನೋಡಲಿಲ್ಲ. ಮುಚ್ಚಳದ ಒಳಗೆ ಬೆರಳಾಡಿಸಿ, ಆ ಒಣ ಬೆರಳನ್ನು ನನಗೆ ತೋರಿಸಿದರು. ನಾನು ಫ್ರಿಜ್ಜಿನತ್ತ ಕೈ ತೋರಿಸಿದ್ದರೂ ಸಾಕಿತ್ತು. ಬೈಗುಳಕ್ಕೆ ಹೆದರಿ ತೋರಿಸಲಿಲ್ಲ. ಮೆಟ್ಟಿಲಿಳಿದು ಹೋದೆ.

ಮರುದಿನ ಫೋಟೋದ ಮುಂದೆ ಬಟ್ಟಲಿರಲಿಲ್ಲ, ಊದುಬತ್ತಿ ಉರಿಯುತ್ತಿತ್ತು.

"ಅಪ್ಪ ನಿನ್ನೆ ತೀರಿಕೊಂಡರಂತೆ," ಎಂದರು ಸಾಹೇಬರು. "ಇಷ್ಟು ವರ್ಷ ಇದ್ದವರು ನಿನ್ನೆ ಹೇಗೆ ಹೋದರು?"

ನಾನು ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದೆ.

ಸಾಹೇಬರು ಹೊರಗೆ ಹೋಗಿ, ಅಮ್ಮ ಮಲಗಿದ್ದಾಗ, ಹೊಗೆಯಾಡುವ ಅನ್ನವನ್ನು ಫೋಟೋದ ಮುಂದಿಟ್ಟು ಮುಚ್ಚಿದೆ. ಎತ್ತಿದರೆ ಮುಚ್ಚಳ ಒಣಗಿತ್ತು. ಒಲೆಯಿಂದ ಆಗಷ್ಟೇ ಇಳಿಸಿದ ಅನ್ನ ಹಾಕಿದೆ. ಆಗಲೂ ಒಣ. ನನ್ನ ಅಂಗೈ ಮಾತ್ರ ಬೆವರಿತ್ತು.

ಹೆಂಡತಿ ತೀರಿಕೊಂಡ ಮೇಲೆ, ಅದೇ ನೆಪದಲ್ಲಿ, ಇಲ್ಲೂ ಮಧ್ಯಾಹ್ನ ಒಂದು ಬಟ್ಟಲು ಮುಚ್ಚಿಡುತ್ತ ಬಂದಿದ್ದೇನೆ. ಇದುವರೆಗೆ ಒಂದು ಹನಿಯೂ ಕಂಡಿಲ್ಲ. ನಂಬುವುದು ಬಿಡುವುದು ನಿಮಗೆ ಸೇರಿದ್ದು. ಮನೆಯವರೆಲ್ಲ ಅದು ಅವಳಿಗೆಂದೇ ತಿಳಿದಿದ್ದರು. ಮೊನ್ನೆ ಮೊಮ್ಮಗಳಿಗೆ ಎಲ್ಲವನ್ನೂ ಹೇಳಿದೆ, ಬಟ್ಟಲು ಅವಳಿಗಲ್ಲ, ಫೋಟೋದ ಆ ಜಪಾನಿಗೆ ಎಂಬುದನ್ನೂ.

ಮಗಳು ಸೌಟು ಹಿಡಿದುಕೊಂಡೇ ಬಂದಳು. "ಹಾಗಾದ್ರೆ ನಮ್ಮಮ್ಮನಿಗೆ ಇಷ್ಟು ದಿನ ಎಂತ ಇಟ್ಟದ್ದು, ಅಪ್ಪ?"

ಅವಳು ಇನ್ನೊಂದು ಬಟ್ಟಲಿಗೆ ಅನ್ನ, ಮೀನು ಸಾರು ಬಡಿಸಿ ನಾನು ಮುಚ್ಚಿಟ್ಟ ಬಟ್ಟಲಿನ ಪಕ್ಕದಲ್ಲಿಟ್ಟಳು. ಮುಚ್ಚಲು ಹೋದ ನನ್ನ ಕೈ ಹಿಡಿದಳು.

"ಬೇಡ. ಅಮ್ಮ ಹೋಗಿ ಆಯ್ತಲ್ಲ. ಅವಳಿಗೆ ಇನ್ನು ಎಂತ ಪರೀಕ್ಷೆ?"

ಆ ಜಪಾನಿಯ ಬಟ್ಟಲನ್ನು ಈಗಲೂ ಇಡುತ್ತೇನೆ, ಮುಚ್ಚುತ್ತೇನೆ. ಮೊನ್ನೆಯಿಂದ ಮುಚ್ಚಳ ಎತ್ತಿ ನೋಡಿಲ್ಲ. ಆ ಮನುಷ್ಯ ಇದ್ದಾನೋ ಇಲ್ಲವೋ ಎಂದು ತೀರ್ಮಾನಿಸುವ ಕೆಲಸ ಅಂದೂ ನನ್ನದಾಗಿರಲಿಲ್ಲ.