ಕಣ್ಣು ಹೊಡೆಯುವ ಪರದೆ

೧೯೮೯ರಲ್ಲಿ ನಾನು ಬಂಗಾರಪೇಟೆಯ ಒಂದು ಸಣ್ಣ ಸಂಸ್ಥೆಯಲ್ಲಿ ಗ್ರಾಫಿಕ್ಸ್ ಪ್ರೋಗ್ರಾಮರ್ ಆಗಿದ್ದೆ. ಟಿ.ವಿ.ಗೆ ಜೋಡಿಸುವ ಮನೆಬಳಕೆಯ ಕಂಪ್ಯೂಟರುಗಳಿಗೆ ಶಾಲಾಪಾಠದ ಚಿತ್ರಗಳನ್ನು ಸಿದ್ಧಪಡಿಸುತ್ತಿದ್ದೆವು. ಕಾಗದದ ಚಿತ್ರ ನೋಡಿ ಪರದೆಯ ಮೇಲೆ ಬರೆಯಲು ಕ್ಯಾಸಂಬಳ್ಳಿಯಿಂದ ವನಜಾಕ್ಷಿ ಎಂಬ ಡ್ರಾಯಿಂಗ್ ಟೀಚರ್ ಬರತೊಡಗಿದರು. ಒಂದು ತಿಂಗಳು ನೋಡಿ, ಒಪ್ಪಿಗೆಯಾದರೆ ಕಾಯಂ ಎಂಬ ಮಾತಾಗಿತ್ತು. ಅವರು ಕಲಿಸುತ್ತಿದ್ದ ಶಾಲೆ ಮುಚ್ಚಿತ್ತು; ಈ ಕೆಲಸ ಬೇಕೇ ಬೇಕಿತ್ತು.

ಒಂದು ದಿನ ಅವರು ಹಣೆ ಒತ್ತಿಕೊಂಡು, "ಸಾರ್, ಈ ಸ್ಕ್ರೀನು ಕಣ್ಣೊಡೀತದೆ" ಎಂದರು.

ನಮ್ಮ ಮಾಲೀಕ, ಚಿನ್ನದ ಗಣಿಯ ಊರಾದ ಚಾಂಪಿಯನ್ ರೀಫ್ಸಿನ ಸೆಲ್ವರಾಜ್, ಮೇಜು ತಟ್ಟಿ ನಕ್ಕರು. "ಅಯ್ಯಯ್ಯೋ, ನಮಗ್ಯಾರಿಗೂ ಹೊಡೆಯಲ್ವಲ್ಲ ಟೀಚರ್! ಆಳು ನೋಡಿ ಹೊಡೀತದಾ?"

"ನಗಬೇಡಿ ಅಣ್ಣಾ. ನೆಟ್ಟಗೆ ನೋಡಿದ್ರೆ ಸುಮ್ಕಿರ್ತದೆ. ಪಕ್ಕದಾಗಿನ ಕಾಗದ ನೋಡಿದ್ನೋ, ಒಡೀತದೆ."

"ಪಕ್ಕಾ ಪೋಕಿರಿ ಸ್ಕ್ರೀನು!" ಎಂದರು ಸೆಲ್ವರಾಜ್.

ಕೋಣೆಯೆಲ್ಲ ನಕ್ಕಿತು. ನಾನೂ ನಕ್ಕಿರಬೇಕು. ನಗಲಿಲ್ಲವೆಂದು ಹೇಳುವಷ್ಟು ನಂಬಿಕೆ ನನ್ನ ನೆನಪಿನ ಮೇಲೆ ಇಲ್ಲ.

ಅಲ್ಲಿಂದ "ಇವತ್ತೂ ಹೊಡೀತಾ ಟೀಚರ್?" ಎಂಬುದೇ ಅವರಿಗೆ ದಿನದ ನಮಸ್ಕಾರವಾಯಿತು. ತಲೆನೋವಿನಲ್ಲಿ ಕೆಲಸ ಕುಂಟಿತು. ತಿಂಗಳು ಮುಗಿದಾಗ ಸೆಲ್ವರಾಜ್ ನನ್ನನ್ನು ಕೇಳಿದರು: "ಮೆಷಿನ್‌ದೇನಾದ್ರೂ ತಪ್ಪಿದೆಯಾ ಸಾರ್?" ನಾನು ಪರದೆಯೆದುರು ಕೂತು ನೆಟ್ಟ ನೋಟದಿಂದ ನೋಡಿದೆ. "ನನಗೇನೂ ಕಾಣುತ್ತಿಲ್ಲ" ಎಂದೆ. ಸುಳ್ಳಲ್ಲ. ವನಜಾಕ್ಷಿಯವರನ್ನು ಅಂದೇ ಕಳಿಸಿಬಿಟ್ಟರು.

ಉಳಿದ ಚಿತ್ರಗಳು ನನ್ನ ಪಾಲಿಗೆ ಬಂದವು. ಪಕ್ಕದ ಕಾಗದದತ್ತ ತಿರುಗಿದೊಡನೆ ಪರದೆ ಕಣ್ಣಂಚಿನಲ್ಲಿ ಮಿಣುಕಿತು! ಟಿ.ವಿ. ಒಂದು ಚಿತ್ರವನ್ನು ಎರಡು ಕಂತಿನಲ್ಲಿ ತೋರಿಸುತ್ತದೆ: ಮೊದಲು ಬೆಸ ಸಾಲುಗಳು, ಆಮೇಲೆ ಸಮ ಸಾಲುಗಳು. ಒಂದೇ ಸಾಲಿನಷ್ಟು ತೆಳುವಾದ ಅಡ್ಡಗೆರೆ ಒಂದು ಕಂತಿನಲ್ಲಿ ಮಾತ್ರ ಇರುತ್ತದೆ, ಹಾಗಾಗಿ ಸೆಕೆಂಡಿಗೆ ಇಪ್ಪತ್ತೈದು ಸಲ ಬಂದು ಹೋಗುತ್ತದೆ. ಇಂಥ ಮಿಣುಕನ್ನು ನೇರ ನೋಟಕ್ಕಿಂತ ಕಣ್ಣಂಚು ಬೇಗ ಹಿಡಿಯುತ್ತದೆ. ಅಡ್ಡಗೆರೆಗಳನ್ನೆಲ್ಲ ಎರಡು ಸಾಲು ದಪ್ಪ ಮಾಡಿದೆ, ಅಚ್ಚಬಿಳಿ ಹಿನ್ನೆಲೆಯನ್ನು ಬೂದುಬಣ್ಣಕ್ಕೆ ಇಳಿಸಿದೆ. ಮಿಣುಕು ಬಹುಪಾಲು ಅಡಗಿತು.

ಬಸ್ಸು ಹತ್ತಿ ಕ್ಯಾಸಂಬಳ್ಳಿಗೆ ಹೋದೆ. ವನಜಾಕ್ಷಿ ಜಗುಲಿಯಲ್ಲಿ ಹುರುಳಿಕಾಯಿ ಆರಿಸುತ್ತಿದ್ದರು. ನೀವು ಹೇಳಿದ್ದೇ ಸರಿ, ಈಗ ನಿಲ್ಲಿಸಿದ್ದೇನೆ ಎಂದೆ.

"ಒಡೀತಿದ್ದದ್ದು ನಂಗೆ ಗೊತ್ತೇ ಅದಲ್ಲ ಸಾರ್. ನಂಗ್ಯಾಕೇಳ್ತೀರಾ? ಓಗಿ ಸೆಲ್ವರಾಜಣ್ಣಂಗೇಳಿ."

ಮುಂದೆ ಯಾರು ಏನೇ ದೂರು ತಂದರೂ ಅವರ ಕುರ್ಚಿಯಲ್ಲೇ ಕೂತು, ಅವರ ಕೆಲಸವನ್ನೇ ಮಾಡಿ ನೋಡುವುದನ್ನು ರೂಢಿಸಿಕೊಂಡೆ. ವೃತ್ತಿ ಕಲಿಸಿದ್ದು ಅಷ್ಟು.

ಸೆಲ್ವರಾಜರಿಗೆ ಹೇಳಿದೆನೆಂದೇ ಬಹಳ ವರ್ಷ ನಂಬಿದ್ದೆ. ದೃಶ್ಯವೂ ಸ್ಪಷ್ಟವಾಗಿದೆ: ನಾನು ಹೇಳುತ್ತೇನೆ, ಅವರು ತಲೆಯಾಡಿಸುತ್ತಾರೆ. ಆದರೆ ಅವರ ಬೆನ್ನ ಹಿಂದೆ ಕಾಣುವುದು ಕಲರ್ ಟಿ.ವಿ. ಅದನ್ನು ಕೊಂಡದ್ದು ಮರುವರ್ಷ; ಹೇಳಿದ್ದರೂ ಆಮೇಲೆಯೇ. ಆ ಹೊತ್ತಿಗೆ ಟೀಚರ ಕುರ್ಚಿಯಲ್ಲಿ ಬೇರೆಯವರು ಕಾಯಂ ಆಗಿದ್ದರು.